ಹಬೆ ಎಲ್ಲಿಗೆ ಹೋಯ್ತು?

ಹಿಂದಿನ ಸಂಚಿಕೆಯಲ್ಲಿ ಕ್ವಿಲ್ಟ್ (ತುಂಡು ಬಟ್ಟೆ ಜೋಡಿಸಿ ಮಾಡುವ ಹೊದಿಕೆ) ಹೊಲಿಗೆಯ ಬಗ್ಗೆ ಬರೆಯುವಾಗ "ಕೆಳಗೊಂದು ಉಣ್ಣೆ ಮ್ಯಾಟ್ ಇದ್ದರೆ ಇಸ್ತ್ರಿ ಚೆನ್ನಾಗಿ ಕೂರುತ್ತೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂತ ಗೊತ್ತಿದ್ದರೆ ಅವತ್ತೇ ಹತ್ತು ಸಾಲು ಬರೀತಿದ್ದೆ. ಈ ಸಲದ ಪುಟ ಪೂರ್ತಿ ಅದಕ್ಕೇ, ಅಂದರೆ ಇಸ್ತ್ರಿ ಮಾಡುವಾಗ ಬಟ್ಟೆಯಡಿ ಇಡುವ ಆ ದಪ್ಪ ಉಣ್ಣೆ ಹಾಸಿನ ವಿಷಯಕ್ಕೇ ಬಿಟ್ಟಿದ್ದೇನೆ. ಬ್ಲೌಸಿನ ತೋಳಿನ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕ್ಷಮಿಸಬೇಕು.

ಪ್ರಶ್ನೆ: ಮೇಡಂ, ವಿಡಿಯೋ ನೋಡಿ ತುಂಡು ಬಟ್ಟೆ ಜೋಡಿಸೋದು ಕಲಿತೆ. ಒಂಬತ್ತು ಚೌಕದ ಬ್ಲಾಕ್ ಆರೂವರೆ ಇಂಚು ಬರಬೇಕಂತೆ. ನನಗೆ ಒಂದು ಆರೂಕಾಲು ಬಂದರೆ ಇನ್ನೊಂದು ಆರೂಮುಕ್ಕಾಲು ಬರುತ್ತೆ. ಉಣ್ಣೆ ಮ್ಯಾಟ್ ತಗೊಂಡರೆ ಸರಿಹೋಗುತ್ತಾ?
— ದಾವಣಗೆರೆಯ ಒಬ್ಬ ಗೃಹಿಣಿ

ಉತ್ತರ: ತಾಯಿ, ದುಡ್ಡು ಸದ್ಯಕ್ಕೆ ಪರ್ಸಿನಲ್ಲೇ ಇರಲಿ. ಮೊದಲು ಲೆಕ್ಕ ನೋಡೋಣ. ಆರೂವರೆ ಇಂಚಿನ ಬ್ಲಾಕಿಗೆ ಕತ್ತರಿಸೋದು ಎರಡೂವರೆ ಇಂಚಿನ ಚೌಕ, ಸಾಲಿಗೆ ಮೂರು. ಮೂರು ಸೇರಿದರೆ ಏಳೂವರೆ. ನಡುವೆ ಎರಡು ಹೊಲಿಗೆ, ಒಂದೊಂದು ಹೊಲಿಗೆ ಎರಡೂ ಕಡೆಯಿಂದ ಕಾಲು ಕಾಲು ಇಂಚು ತಿಂದು ಅರ್ಧ ಇಂಚು ನುಂಗುತ್ತೆ. ಅಲ್ಲಿಗೆ ಉಳಿದಿದ್ದು ಆರೂವರೆ. ಆರೂಕಾಲು ಬಂದಿದೆ ಅಂದರೆ ಒಂದೋ ನಿಮ್ಮ ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಅಂಚು) ಕಾಲಿಂಚಿಗಿಂತ ದಪ್ಪ ಆಗಿದೆ, ಇಲ್ಲವೇ ಹೊಲಿಗೆ ಹತ್ತಿರ ಬಟ್ಟೆ ಸಣ್ಣಗೆ ಮಡಚಿಕೊಂಡು ಹಾಗೇ ಇಸ್ತ್ರಿಗೆ ಸಿಕ್ಕಿಬಿಟ್ಟಿದೆ. ಆರೂಮುಕ್ಕಾಲು ಬಂದಿದ್ದು ಒಂದೋ ಮಾರ್ಜಿನ್ ಕಾಲಿಂಚಿಗಿಂತ ಸಣ್ಣ ಆಗಿದ್ದಕ್ಕೆ, ಇಲ್ಲವೇ ನಿಮ್ಮ ಕೈಯ ಕೆಲಸಕ್ಕೆ. ಅಂಗಿ ತಿಕ್ಕಿದ ಹಾಗೆ ಇಸ್ತ್ರಿಪೆಟ್ಟಿಗೆ ಎಳೆದಿದ್ದೀರಿ, ಬಟ್ಟೆ ಹಿಗ್ಗಿದೆ.

ಅಂಗಿಗೆ ಇಸ್ತ್ರಿ ತಿಕ್ಕೋದು ಬೇರೆ, ತುಂಡಿಗೆ ಇಸ್ತ್ರಿ ಒತ್ತೋದು ಬೇರೆ. ಒತ್ತೋದು ಅಂದರೆ ಪೆಟ್ಟಿಗೆ ಇಡಬೇಕು, ಎತ್ತಬೇಕು, ಪಕ್ಕದಲ್ಲಿ ಇಡಬೇಕು. ಜಾರಿಸಬಾರದು. ಕ್ರಾಸ್‌ನಲ್ಲಿ, ಅಂದರೆ ನೂಲಿಗೆ ಓರೆಯಾಗಿ ಕತ್ತರಿಸಿದ ತ್ರಿಕೋನ ತುಂಡಾದರಂತೂ ಒಂದು ಸಲ ಜಾರಿಸಿದರೆ ಅದರ ಮೂತಿ ಸೊಟ್ಟ ಆಯ್ತು ಅಂತಲೇ.

ನಾನು ಮಾಡೋದು ಹೀಗೆ. ಹೊಲಿದ ಜೋಡಿಯನ್ನು ಬಿಡಿಸದೆ, ಗಾಢ ಬಣ್ಣದ ತುಂಡು ಮೇಲೆ ಬರುವಂತೆ ಇಡುತ್ತೇನೆ. ಹೊಲಿಗೆಯ ಗೆರೆ ಮೇಲೆ ಪೆಟ್ಟಿಗೆ ಇಟ್ಟು ಒಂದು, ಎರಡು, ಮೂರು ಎಣಿಸಿ ಎತ್ತುತ್ತೇನೆ. ಇದರಿಂದ ದಾರ ಬಟ್ಟೆಯೊಳಗೆ ಇಳಿದು ಕೂರುತ್ತೆ. ಆಮೇಲೆ ಮೇಲಿನ ತುಂಡನ್ನು ಬೆರಳಲ್ಲಿ ಆಚೆ ಮಗುಚಿ, ಹೊಲಿಗೆಯ ಗುಂಟ ಉಗುರು ಎಳೆದು, ಪೆಟ್ಟಿಗೆಯ ಮೂಗಿನಿಂದ ಒತ್ತುತ್ತೇನೆ. ಮಾರ್ಜಿನ್ ತಾನಾಗಿಯೇ ಗಾಢ ಬಣ್ಣದ ಅಡಿಗೆ ಹೋಗಿರುತ್ತೆ, ಬಿಳಿ ತುಂಡಿನಡಿ ಕಪ್ಪು ನೆರಳು ಕಾಣಲ್ಲ. ಇಷ್ಟಾದ ಮೇಲೆ ಎಲ್ಲರೂ ತಪ್ಪೋದು ಒಂದು ಕಡೆ: ಬಿಸಿ ಇರುವಾಗಲೇ ಎತ್ತಿಬಿಡುತ್ತಾರೆ. ಬಿಸಿ ಬಟ್ಟೆ ಮೇಣದ ಹಾಗೆ, ಎತ್ತಿದ ಕಡೆಗೆ ಬಾಗುತ್ತೆ. ಆರಲು ಬಿಡಿ. ನನ್ನ ಹತ್ತಿರ ಬಡಗಿಯಿಂದ ಕೇಳಿ ತಂದ ಒಂದು ಗೇಣುದ್ದದ ಗಟ್ಟಿ ಮರದ ತುಂಡಿದೆ. ಪಾಲಿಶ್ ಇಲ್ಲ, ಎಣ್ಣೆ ಇಲ್ಲ. ಪೆಟ್ಟಿಗೆ ಎತ್ತಿದ ತಕ್ಷಣ ಅದನ್ನು ಹೊಲಿಗೆ ಮೇಲೆ ಇಟ್ಟು ಅಂಗೈ ಭಾರ ಹಾಕುತ್ತೇನೆ. ಕೋಟು ಹೊಲಿಯುವ ದರ್ಜಿಗಳ ಹಳೇ ಉಪಾಯ ಇದು.

ಒಂದು ವಾರ ಹೀಗೆ ಒತ್ತಿ ನೋಡಿ, ಬ್ಲಾಕಿನ ಅಳತೆ ಹತ್ತಿರ ಬರುತ್ತೆ. ಬಂದ ಮೇಲೆ ಮ್ಯಾಟ್ ತಗೊಳ್ಳಿ, ಆಗ ಅದರ ಬೆಲೆ ಗೊತ್ತಾಗುತ್ತೆ. ಸಾಮಾನ್ಯ ಇಸ್ತ್ರಿ ಮೇಜಿನ ಕೆಳಗೆ ಕಬ್ಬಿಣದ ಜಾಲಿ, ಮೇಲೆ ತೆಳ್ಳನೆ ಫೋಮು. ಶಾಖ ಬಂದಷ್ಟೇ ಬೇಗ ಇಳಿದುಹೋಗುತ್ತೆ, ಬಟ್ಟೆಯೂ ಜಾರುತ್ತೆ. ಉಣ್ಣೆ ತನ್ನೊಳಗೆ ಗಾಳಿ ಹಿಡಿದಿಟ್ಟುಕೊಂಡಿರೋದರಿಂದ ಶಾಖ ಕೆಳಗೆ ಇಳಿಯಲು ತಡವಾಗುತ್ತೆ, ಮೇಲೇ ನಿಂತು ತುಂಡಿನ ಅಡಿಗೂ ತಾಗುತ್ತೆ. "ಒಂದೇ ಏಟಿಗೆ ಎರಡೂ ಕಡೆ ಇಸ್ತ್ರಿ" ಅಂತ ಮಾರುವವರು ಹೇಳೋದು ಅರ್ಧ ನಿಜ. ಪೆಟ್ಟಿಗೆ ಇರೋದು ಮೇಲೆ ಮಾತ್ರ, ಕೆಳಗಿರೋದು ಬೆಚ್ಚನೆಯ ಹಾಸಿಗೆ. ಆ ಅರ್ಧವೂ ಸಾಕಷ್ಟಾಯ್ತು. ಜೊತೆಗೆ ಉಣ್ಣೆಯ ಒರಟು ಮೈ ಹತ್ತಿಬಟ್ಟೆಯನ್ನು ಹಿಡಿದುಕೊಳ್ಳುತ್ತೆ, ಟಾಚಣಿಯನ್ನು (ಗುಂಡುಸೂಜಿ) ನೇರವಾಗಿ ಅದರೊಳಗೇ ಚುಚ್ಚಿ ನಿಲ್ಲಿಸಬಹುದು. ಆರೂಮುಕ್ಕಾಲು ಆದ ನಿಮ್ಮ ಬ್ಲಾಕನ್ನು ಬಿಸಾಡಬೇಡಿ. ಕಾಗದದ ಮೇಲೆ ಆರೂವರೆ ಇಂಚಿನ ಚೌಕ ಬರೆದು ಮ್ಯಾಟ್ ಮೇಲಿಡಿ, ಬ್ಲಾಕಿನ ನಾಲ್ಕೂ ಮೂಲೆಯನ್ನು ಆ ಗೆರೆಗೆ ತಂದು ಟಾಚಣಿ ಚುಚ್ಚಿ, ಮೇಲಿಂದ ಹಬೆ ಬಿಟ್ಟು ಒತ್ತಿ, ಪೂರ್ತಿ ಆರಿದ ಮೇಲೆ ಕೀಳಿ. ಕಾಲಿಂಚು ಪೂರ್ತಿ ಇಳಿಯುತ್ತೆ ಅಂತ ಹೇಳಲಾರೆ, ಹೊಲಿದು ನಿಭಾಯಿಸುವಷ್ಟು ಇಳಿಯುತ್ತೆ. ಪ್ಲಾಸ್ಟಿಕ್ ತಲೆಯ ಟಾಚಣಿ ಮಾತ್ರ ಬೇಡ, ಕರಗಿ ಬಟ್ಟೆಗೆ ಅಂಟುತ್ತೆ.

ಪ್ರಶ್ನೆ: ಎರಡು ರೂಮಿನ ಮನೆ, ಹೊಲಿಗೆಗೆ ಕಿಟಕಿ ಪಕ್ಕದ ಒಂದು ಸಣ್ಣ ಟೇಬಲ್ ಅಷ್ಟೇ. ಯಾವ ಅಳತೆ, ಎಷ್ಟು ದಪ್ಪದ ಮ್ಯಾಟ್ ಕೊಳ್ಳಲಿ? ನಿಜವಾದ ಉಣ್ಣೆ ಅಂತ ಹೇಗೆ ಗೊತ್ತಾಗುತ್ತೆ? ಗೆಳತಿಯ ಮನೆಯಲ್ಲಿ ನೋಡಿದೆ, ಹಬೆ ಬಿಟ್ಟರೆ ಕುರಿದೊಡ್ಡಿ ವಾಸನೆ. ನಮ್ಮ ಮನೆಯವರು ಸಹಿಸಲ್ಲ.
— ವಿಜಯನಗರ, ಬೆಂಗಳೂರು

ಉತ್ತರ: ಕುರಿದೊಡ್ಡಿ ವಾಸನೆ ಬಂದರೆ ಸಂತೋಷಪಡಿ, ನಿಮ್ಮ ಗೆಳತಿ ಮೋಸ ಹೋಗಿಲ್ಲ. ಒದ್ದೆಯಾದ ಉಣ್ಣೆ ವಾಸನೆ ಬರಲೇಬೇಕು, ಕುರಿಯ ಮೈಯ ಜಿಡ್ಡು ಎಷ್ಟೇ ತೊಳೆದರೂ ಸ್ವಲ್ಪ ಉಳಿದಿರುತ್ತೆ. ಕೆಲವು ವಾರ ಬಳಸಿದ ಮೇಲೆ ಕಡಿಮೆ ಆಗುತ್ತೆ. ಸೆಂಟು, ಕರ್ಪೂರದೆಣ್ಣೆ ಎಲ್ಲ ಚಿಮುಕಿಸಬೇಡಿ. ಮುಂದಿನ ಇಸ್ತ್ರಿಯಲ್ಲಿ ಆ ಎಣ್ಣೆ ಬಟ್ಟೆಗೆ ಏರುತ್ತೆ. ಕಿಟಕಿ ತೆಗೆದಿಡಿ. ಹಬೆ ಬೇಡದ ಕೆಲಸಕ್ಕೆ ಒಣ ಇಸ್ತ್ರಿ ಮಾಡಿ, ಮುಕ್ಕಾಲು ಪಾಲು ಕೆಲಸ ಅದರಲ್ಲೇ ಆಗುತ್ತೆ. ಯಜಮಾನರಿಗೆ ಅವರ ಉಣ್ಣೆ ಸ್ವೆಟರನ್ನೇ ಒದ್ದೆ ಮಾಡಿ ಮೂಸಲು ಹೇಳಿ.

ಆ ಸ್ವೆಟರ್ ನೆನೆದಾಗಲೇ ಮ್ಯಾಟ್ ಏನು ಅಂತಲೂ ಹೇಳಿಬಿಡುತ್ತೇನೆ. ಉಣ್ಣೆ ಸ್ವೆಟರನ್ನು ತಿಳಿಯದೆ ಬಿಸಿನೀರಿಗೆ ಹಾಕಿ ಕುಕ್ಕಿದರೆ ಅಪ್ಪನ ಸ್ವೆಟರ್ ಮಗನಿಗಾಗುತ್ತೆ ನೋಡಿ, ದಪ್ಪ ರಟ್ಟಿನ ಹಾಗೆ? ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರ ಇರುತ್ತವೆ. ಬಿಸಿ, ನೀರು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮತ್ತೆ ಬಿಡಲ್ಲ. ಅದೇ ಫೆಲ್ಟ್. ಕಾಶ್ಮೀರದ ನಮದಾ ನೆಲಹಾಸು ಅಂತ ಎಗ್ಸಿಬಿಷನ್‌ಗಳಲ್ಲಿ ಮಾರ್ತಾರಲ್ಲ, ಅದೂ ಇದೇ ಜಾತಿ. ನಾವು ಸ್ವೆಟರಿಗೆ ಮಾಡುವ ತಪ್ಪನ್ನು ಬೇಕೆಂದೇ ಮಾಡಿದರೆ ಮ್ಯಾಟ್ ಆಗುತ್ತೆ. ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ ಎಳೆ ಸಿಕ್ಕಿಸುವ ಯಂತ್ರವೂ ಇದೆ. ನೇಯ್ಗೆ ಇಲ್ಲದ ಕಾರಣ ಕತ್ತರಿಸಿದರೂ ನೂಲು ಬಿಚ್ಚಲ್ಲ. ದೊಡ್ಡದು ಒಂದು ತಂದು ಗೆಳತಿಯರಿಬ್ಬರು ಹರಿತ ಚಾಕುವಿನಿಂದ ಪಾಲು ಮಾಡಿಕೊಳ್ಳಬಹುದು.

ದಪ್ಪ ಅರ್ಧ ಇಂಚು ಇರಲಿ. ಕಾಲಿಂಚಿನದು ಕ್ಲಾಸಿಗೆ ಸುರುಳಿ ಸುತ್ತಿಕೊಂಡು ಹೋಗಲು ಚೆನ್ನ, ಶಾಖ ಹಿಡಿಯೋದು ಕಡಿಮೆ. ಅಳತೆಗೆ ಟೇಬಲ್ ನೋಡಬೇಡಿ, ನೀವು ಹೊಲಿಯುವ ಬ್ಲಾಕ್ ನೋಡಿ. ಹನ್ನೆರಡು ಇಂಚಿನ ಬ್ಲಾಕಿಗೆ ಹದಿನೇಳು ಇಂಚು ಚೌಕದ ಮ್ಯಾಟ್ ಸಾಕು, ಸುತ್ತ ಪೆಟ್ಟಿಗೆ ಆಡಲು ಎರಡು ಇಂಚು ಸಿಗುತ್ತೆ. ಮಿಷನ್ನಿನ ಪಕ್ಕದಲ್ಲೇ ಇಟ್ಟುಕೊಂಡು ಕೂತಲ್ಲೇ ಒತ್ತೋದಾದರೆ ಒಂಬತ್ತಿಂಚಿನ ಮರಿ ಮ್ಯಾಟೂ ಸಾಕಾಗುತ್ತೆ. ಹೊದಿಕೆ ಪೂರ್ತಿ ಆದ ಮೇಲೆ ಅದನ್ನು ಇದರ ಮೇಲೆ ಇಸ್ತ್ರಿ ಮಾಡುವ ಕನಸು ಬೇಡ, ಅದಕ್ಕೆ ಮಂಚವೇ ಆಗಬೇಕು.

ಪರೀಕ್ಷೆಗೆ ಮ್ಯಾಟಿನ ಅಂಚಿನಿಂದ ಒಂದು ಚಿಟಿಕೆ ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡೂ ಆದರೆ ಮಿಶ್ರಣ. ಮಿಶ್ರಣದ್ದು ಹತ್ತಿಯ ಶಾಖಕ್ಕೆ ಕ್ರಮೇಣ ಬಿರುಸಾಗಿ ಹೊಳಪು ಬರುತ್ತೆ. ಬೆಲೆ ನೋಡಿದರೇ ಅರ್ಧ ಗೊತ್ತಾಗುತ್ತೆ ಬಿಡಿ.

ಪ್ರಶ್ನೆ: ಹೊಸ ಮ್ಯಾಟ್ ಬಂದು ಎರಡೇ ವಾರ. ಸನ್‌ಮೈಕಾ ಟೇಬಲ್ ಮೇಲೆ ಹಾಕಿ ಇಸ್ತ್ರಿ ಮಾಡ್ತಿದ್ದೆ. ನಿನ್ನೆ ಎತ್ತಿ ನೋಡಿದರೆ ಸನ್‌ಮೈಕಾ ಉಬ್ಬಿದೆ. ಮ್ಯಾಟಿನ ಮೇಲ್ಮೈ ಮುಟ್ಟಿದರೆ ಒಣಗಿದೆ. ನೀರು ಎಲ್ಲಿಂದ ಬಂತು?
— ಶಿವಮೊಗ್ಗ

ಉತ್ತರ: ನಿಮ್ಮ ಕಾಗದ ಓದಿ ಹೊಟ್ಟೆ ಉರೀತು, ಯಾಕಂದರೆ ಇದೇ ಆಟ ನಾನೂ ಆಡಿದ್ದೇನೆ. ನನ್ನದು ಸನ್‌ಮೈಕಾ ಅಲ್ಲ, ಮಾವನವರ ಸಾಗವಾನಿ ಬರವಣಿಗೆ ಟೇಬಲ್. ಅವರು ಇರುವಾಗ ಅದರ ಮೇಲೆ ಚಹಾ ಲೋಟ ಇಡಲೂ ಬಿಡ್ತಿರಲಿಲ್ಲ. ಅವರು ಹೋಗಿ ಮೂರು ವರ್ಷಕ್ಕೆ ನನ್ನ ಮಿಷನ್ ಅದರ ಮೇಲೆ ಏರಿತು, ಪಕ್ಕದಲ್ಲಿ ಮ್ಯಾಟ್. ಒಂದು ಭಾನುವಾರ ಮೊಮ್ಮಗಳ ತೊಟ್ಟಿಲ ಹೊದಿಕೆಗೆ ಅರವತ್ತನಾಲ್ಕು ಚೌಕ ಜೋಡಿಸುತ್ತಾ ಬೆಳಗಿನಿಂದ ಮಧ್ಯಾಹ್ನದವರೆಗೂ ಹಬೆ ಬಿಟ್ಟೆ. ನಡುನಡುವೆ ಮ್ಯಾಟ್ ಮುಟ್ಟಿ ನೋಡ್ತಿದ್ದೆ, ಒಣಗಿಯೇ ಇತ್ತು. ಊಟಕ್ಕೆ ಏಳುವಾಗ ಎತ್ತಿದರೆ ಕೆಳಗೆ ಟೇಬಲ್ ಬೆವರಿತ್ತು. ಒರೆಸಿದೆ. ಒರೆಸಿದ ಮೇಲೆ ಉಳಿಯಿತು ನೋಡಿ, ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಮ್ಯಾಟಿನದೇ ಅಳತೆಯ ಚೌಕ. ಮನೆಯವರು ಅದನ್ನು ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನಮ್ಮಿಬ್ಬರನ್ನೂ ಮೋಸ ಮಾಡಿದ್ದು ಉಣ್ಣೆಯ ಒಳ್ಳೆಯ ಗುಣವೇ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಕುಡಿದರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಂಡು ಬೆಚ್ಚಗಿರೋದು ಅದಕ್ಕೇ. ಪೆಟ್ಟಿಗೆಯ ಹಬೆ ಕೆಳಮುಖವಾಗಿ ನುಗ್ಗುತ್ತೆ. ಮೇಲ್ಮೈಯನ್ನು ಪೆಟ್ಟಿಗೆಯೇ ಒಣಗಿಸುತ್ತಿರುತ್ತೆ. ಅಡಿಯಲ್ಲಿ ತಣ್ಣನೆ ಟೇಬಲ್ ಸಿಕ್ಕ ಕೂಡಲೇ ಹಬೆ ನೀರಾಗುತ್ತೆ. ಆರಿಹೋಗಲು ಅಲ್ಲಿ ಗಾಳಿ ಇಲ್ಲ.

ಆದ್ದರಿಂದ ಮ್ಯಾಟ್ ಮೇಲೆ ಹಬೆ ಬಿಡುವಾಗಲೆಲ್ಲ ಅದು ಎಲ್ಲಿಗೆ ಹೋಯ್ತು ಅಂತ ಕೇಳಿಕೊಳ್ಳಿ. ಸನ್‌ಮೈಕಾ ಆದರೆ ಅಂಚಿನಿಂದ ಅಂಟು ಬಿಟ್ಟು ಉಬ್ಬುತ್ತೆ. ಉಬ್ಬಿದ್ದನ್ನು ಕಾರ್ಪೆಂಟರ್ ಕರೆಸಿ ಅಂಟಿಸಬೇಕು, ಮನೆಮದ್ದಿಲ್ಲ. ಗಾಜಿನ ಟೇಬಲ್ ಮೇಲಂತೂ ಬೇಡವೇ ಬೇಡ, ಒಂದು ಕಡೆ ಶಾಖ ಬಿದ್ದು ಸೀಳಿದರೆ ಕಾಲ ಮೇಲೆ. ಅಡಿಗೆಮನೆ ಗ್ರಾನೈಟ್ ಕಟ್ಟೆ ಶಾಖಕ್ಕೆ ಹೆದರಲ್ಲ. ಕಲ್ಲು ತಣ್ಣಗಿರೋದರಿಂದ ಅಡಿಯಲ್ಲಿ ನೀರು ನಿಲ್ಲುತ್ತೆ, ಒರೆಸಿಕೊಂಡರಾಯ್ತು. ಮೊನ್ನೆ ಮೆಲ್ಬರ್ನ್‌ನಲ್ಲಿರುವ ಓದುಗರೊಬ್ಬರು ಫೋಟೋ ಕಳಿಸಿದ್ದರು. ಬಟ್ಟೆ ಕತ್ತರಿಸುವ ಹಸಿರು ಕಟಿಂಗ್ ಮ್ಯಾಟ್ ಮೇಲೆಯೇ ಉಣ್ಣೆ ಮ್ಯಾಟ್ ಹಾಕಿ ಒಂದು ಗಂಟೆ ಒತ್ತಿದ್ದಾರೆ, ಕಟಿಂಗ್ ಮ್ಯಾಟ್ ಹಪ್ಪಳದ ಹಾಗೆ ಎದ್ದಿದೆ. ಅದು ಪ್ಲಾಸ್ಟಿಕ್, ಒಂದು ಸಲ ಸೊಟ್ಟಾದರೆ ಸೊಟ್ಟವೇ.

ನನ್ನ ಈಗಿನ ಏರ್ಪಾಡು: ಟೇಬಲ್ ಮೇಲೆ ಹಳೇ ಟರ್ಕಿ ಟವೆಲ್ ನಾಲ್ಕು ಮಡಿಕೆ, ಅದರ ಮೇಲೆ ಬಣ್ಣ ಹಚ್ಚದ ಒಂದು ಹಲಗೆ, ಹಲಗೆಯ ಮೇಲೆ ಮ್ಯಾಟ್. ಇಪ್ಪತ್ತು ನಿಮಿಷಕ್ಕೊಮ್ಮೆ ಮ್ಯಾಟ್ ತಿರುವಿ ಹಾಕುತ್ತೇನೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ, ಮಲಗಿಸಲ್ಲ. ಮಾವನವರ ಟೇಬಲ್ಲಿನ ಬಿಳಿ ಕಲೆಯನ್ನು ಪಾಲಿಶ್ ಮಾಡುವ ಒಬ್ಬರು ಬಂದು, ಬಟ್ಟೆಯ ಉಂಡೆಗೆ ಸ್ಪಿರಿಟ್ ಸ್ವಲ್ಪವೇ ತಾಗಿಸಿಕೊಂಡು ಸವರಿ ತೆಗೆದರು. ಅರಗಿನ ಪಾಲಿಶ್ ಆಗಿದ್ದರಿಂದ ಬದುಕಿತು ಅಂದರು. ಬೆಳಕಿಗೆ ಓರೆಯಾಗಿ ನೋಡಿದರೆ ಒಂದು ಮೂಲೆ ಈಗಲೂ ಕಾಣುತ್ತೆ.

ಪ್ರಶ್ನೆ: ಯೋಗ ಮ್ಯಾಟನ್ನೇ ಎರಡು ಮಡಿಕೆ ಮಾಡಿ ಅದರ ಮೇಲೆ ಇಸ್ತ್ರಿ ಮಾಡಬಹುದಾ?
— ಹೆಸರು, ಊರು ಬರೆದಿಲ್ಲ

ಉತ್ತರ: ಮಾಡಬಹುದು, ಒಂದೇ ಸಲ. ಕರಗಿ ಬಟ್ಟೆಗೂ ಪೆಟ್ಟಿಗೆಗೂ ಅಂಟಿಕೊಳ್ಳುತ್ತೆ.

ಪ್ರಶ್ನೆ: ಅಕ್ಕಾ, ನಮ್ಮ ಕಡೆ ಮನೆಗೊಂದು ಕರೀ ಕಂಬಳಿ ಇರ್ತೈತಿ. ಅದೂ ಉಣ್ಣೇನೇ ಅಲ್ಲವಾ? ಮಡಚಿ ಹಾಕಿಕೊಂಡರೆ ಸಾಲದಾ, ಫಾರಿನ್ ಮ್ಯಾಟ್ ಯಾಕೆ?
— ಹಿರಿಯೂರು

ಉತ್ತರ: ತಂಗೀ, ಈ ಪ್ರಶ್ನೆಗೆ ಕಾಯ್ತಾ ಇದ್ದೆ. ಬೀದಿ ಮೂಲೆಯ ಇಸ್ತ್ರಿ ಅಂಗಡಿಯ ಗಾಡಿ ನೋಡಿದ್ದೀರಲ್ಲ, ಅಲ್ಲಿ ಇದ್ದಿಲ ಪೆಟ್ಟಿಗೆಯ ಕೆಳಗೆ ಏನಿರುತ್ತೆ? ಮಡಚಿದ ಕಂಬಳಿ, ಅದರ ಮೇಲೆ ಬಿಳೀ ಬಟ್ಟೆ. ಅವರು ಇದನ್ನು ಯಾವ ವಿಡಿಯೋ ನೋಡಿಯೂ ಕಲಿಯಲಿಲ್ಲ. ಚಳ್ಳಕೆರೆಯ ಕಂಬಳಿ ನಿಮ್ಮ ಪಕ್ಕದ ತಾಲ್ಲೂಕಿನದೇ, ನನ್ನ ತವರು ರಾಣೆಬೆನ್ನೂರಿನ ಹತ್ತಿರ ಮೆಡ್ಲೇರಿ ಇದೆ. ನಮ್ಮ ಮನೆಯಲ್ಲಿ ಇದ್ದದ್ದು ಮೆಡ್ಲೇರಿ ಕಂಬಳಿ. ಹತ್ತು ವರ್ಷ ನಾನು ಅದರ ಮೇಲೆಯೇ ಕೆಲಸ ಮಾಡಿದೆ. ಸಾಲುತ್ತೆ. ಆದರೆ ಮೂರು ವಿಷಯ ತಿಳಿದಿರಬೇಕು.

ಹೊಸ ಕಂಬಳಿ ಬಿರುಸಾಗಿ ನಿಲ್ಲುತ್ತಲ್ಲ, ಅದು ಉಣ್ಣೆಯ ಗುಣ ಅಲ್ಲ, ಹುಣಸೆ ಬೀಜದ ಗಂಜಿ. ನೇಯುವ ಮೊದಲು ಹಾಸಿನ ನೂಲಿಗೆ ಅದನ್ನು ಬಳಿದು ಒಣಗಿಸುತ್ತಾರೆ, ಇಲ್ಲದಿದ್ದರೆ ಒರಟು ಉಣ್ಣೆ ನೂಲು ಮಗ್ಗದಲ್ಲಿ ಉಜ್ಜಿ ಕಡಿದುಹೋಗುತ್ತೆ. ಹೊದೆಯಲು ಆ ಗಂಜಿ ಇರಲಿ, ಮಳೆ ಸ್ವಲ್ಪ ತಡೆಯುತ್ತೆ. ಅದರ ಮೇಲೆ ಹಬೆ ಬಿಟ್ಟು ನೋಡಿ, ಗಂಜಿ ನೆನೆದು ಜಿಗುಟಾಗುತ್ತೆ, ಪೆಟ್ಟಿಗೆ ತಾಗಿ ಕಂದುತ್ತೆ, ಬಿಳೀ ಬಟ್ಟೆಗೆ ಕಂದು ಮಚ್ಚೆ ಬೀಳುತ್ತೆ. ನನಗೆ ಬಿದ್ದಿದ್ದು ಒಬ್ಬರ ಮದುವೆ ಸೀರೆಗೆ ಹಾಕುವ ಲೈನಿಂಗ್ ಮೇಲೆ. ಆದ್ದರಿಂದ ಮೊದಲು ತೊಳೆಯಿರಿ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಆ ನೀರು ಬೆರಳಿಗೆ ಲೋಳೆಲೋಳೆ ಅನ್ನಿಸುತ್ತೆ. ಲೋಳೆ ಹೋಗುವವರೆಗೂ ನೀರು ಬದಲಿಸಿ. ಹಿಂಡಬೇಡಿ, ಕಟ್ಟೆ ಮೇಲೆ ಇಳಿಬಿಡಿ. ಒಂದು ಕಂಬಳಿಗೆ ಎಷ್ಟು ನೀರು ಹಿಡಿಯುತ್ತೆ ಅಂತ ಎತ್ತುವಾಗ ಸೊಂಟಕ್ಕೆ ಗೊತ್ತಾಗುತ್ತೆ, ಮನೆಯಲ್ಲಿ ಇನ್ನೊಬ್ಬರು ಇರುವ ದಿನ ನೋಡಿಕೊಳ್ಳಿ.

ಎರಡನೆಯದು, ನೇಯ್ಗೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದರೂ ಅದರ ಮೈ ಸಮತಟ್ಟಲ್ಲ, ನೂಲಿನ ಏರುತಗ್ಗು ಇರುತ್ತೆ. ಅಂಗಿಗೆ, ಸೀರೆಗೆ ಅದರಿಂದ ಏನೂ ಆಗಲ್ಲ. ಒಂದಿಂಚಿನ ತ್ರಿಕೋನ ತುಂಡಿಗೆ ಮಾತ್ರ ಆ ಏರುತಗ್ಗು ಅಚ್ಚೊತ್ತುತ್ತೆ. ಸಣ್ಣ ಕೆಲಸಕ್ಕೆ ಫೆಲ್ಟ್ ಗೆಲ್ಲೋದು ಇಲ್ಲೇ. ಹಾಗಾದರೆ ಕಂಬಳಿಯನ್ನೇ ಬಿಸಿನೀರಿಗೆ ಹಾಕಿ ಕುಕ್ಕಿ ಫೆಲ್ಟ್ ಮಾಡಿದರೆ? ನಾನು ಮಾಡಿ ನೋಡಿದೆ, ಹಳೇ ಹರಕು ಕಂಬಳಿಯ ಒಂದು ತುಂಡನ್ನು ಹಂಡೆಯ ನೀರಲ್ಲಿ ಮಧ್ಯಾಹ್ನವೆಲ್ಲ ತುಳಿದೆ. ಸ್ವಲ್ಪ ಕುಗ್ಗಿತು, ಸ್ವಲ್ಪ ದಪ್ಪ ಆಯ್ತು, ಸ್ವೆಟರಿನ ಹಾಗೆ ರಟ್ಟಾಗಲಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಕೂದಲು ಹೆಚ್ಚು. ಮೆತ್ತನೆಯ ಮೆರಿನೋ ಉಣ್ಣೆಯಷ್ಟು ಸುಲಭವಾಗಿ ಅದು ಹೆಣೆದುಕೊಳ್ಳಲ್ಲ.

ಮೂರನೆಯದು ಆ ಕರೀ ಕೂದಲು. ಬಿಳೀ ಬಟ್ಟೆಯಡಿ ಒಂದೇ ಒಂದು ಸಿಕ್ಕಿದರೂ ಹೊಲಿದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತೆ, ಸೂಜಿಮೊನೆಯಿಂದ ಕೀಳುತ್ತಾ ಕೂರಬೇಕು. ಹಳೇ ಪಂಚೆ ಎರಡು ಮಡಿಕೆ ಮೇಲೆ ಹೊದಿಸಿ, ನಾಲ್ಕು ಮೂಲೆ ಕೆಳಗೆ ಸೇರಿಸಿ ದೊಡ್ಡ ಟಾಕಾ ಹಾಕಿಬಿಡಿ. ಕೊಳೆಯಾದರೆ ಪಂಚೆ ಒಗೆದುಕೊಳ್ಳಬಹುದು. ಉಣ್ಣೆ ಮ್ಯಾಟ್ ಇದ್ದವರೂ ಇದನ್ನೇ ಮಾಡಿ, ವಿಶೇಷವಾಗಿ ಗಂಜಿ ಸ್ಪ್ರೇ ಬಳಸುವವರು. ಆ ಗಂಜಿ ಮ್ಯಾಟಿಗೆ ಕೂತು ಕಂದಿದರೆ ತೊಳೆಯಲೂ ಆಗಲ್ಲ.

ಕೊನೆಗೆ ನನ್ನ ಅಭಿಪ್ರಾಯ: ನೀವು ದೊಡ್ಡ ಚೌಕದ ಹೊದಿಕೆ, ದಿಂಬಿನ ಗವಸು ಹೊಲಿಯೋದಾದರೆ ಕಂಬಳಿಯೇ ಇರಲಿ, ಆ ದುಡ್ಡಿಗೆ ಒಳ್ಳೆ ಕತ್ತರಿ ತಗೊಳ್ಳಿ. ನಕ್ಷತ್ರ, ಹೂವು ಅಂತ ಸಣ್ಣ ತುಂಡಿಗೆ ಇಳಿದ ದಿನ ಮ್ಯಾಟಿನ ಯೋಚನೆ ಮಾಡಿ.

ಪ್ರಶ್ನೆ: ನಮ್ಮ ಅಜ್ಜಿ ನೂರಾರು ಕೌದಿ ಹೊಲಿದರು. ಇಸ್ತ್ರಿಪೆಟ್ಟಿಗೆ ಅಂದರೇನು ಅಂತ ಅವರಿಗೆ ಗೊತ್ತಿರಲಿಲ್ಲ. ಈಗ ಇಷ್ಟೆಲ್ಲ ಸಲಕರಣೆ ಯಾಕೆ?
— ಯಲ್ಲಾಪುರ

ಉತ್ತರ: ಅಜ್ಜಿಯ ಕೌದಿ ಬೇರೆ ರೀತಿ ಕಟ್ಟಿದ್ದು, ಅದಕ್ಕೆ. ಕ್ವಿಲ್ಟಿನಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಒಂದು ಹಾಳೆ ಮಾಡ್ತಾರೆ. ಮಾರ್ಜಿನ್ ಎಲ್ಲ ಹಿಂದೆ ಉಳಿಯುತ್ತೆ, ಅದನ್ನು ಮಲಗಿಸಲು ಇಸ್ತ್ರಿ ಬೇಕು. ಕೌದಿಯಲ್ಲಿ ಹಳೇ ಸೀರೆ, ಧೋತರ ಪದರಪದರ ಹಾಸಿ, ಮೇಲೆ ತುಂಡಿನ ಅಂಚು ಮಡಚಿ ಇಟ್ಟು, ಎಲ್ಲ ಪದರ ಸೇರಿಸಿ ಒಮ್ಮೆಗೇ ಟಾಕಾ ಹಾಕುತ್ತಾ ಹೋಗ್ತಾರೆ. ಮಡಿಕೆಯನ್ನು ಹಿಡಿಯೋದು ಹೆಬ್ಬೆರಳು, ಕೂರಿಸೋದು ಟಾಕಾ. ಗೇಣಿಗೆ ಎಷ್ಟೋ ಟಾಕಾ ಬಿದ್ದ ಮೇಲೆ ಇಸ್ತ್ರಿಗೆ ಏನು ಕೆಲಸ?

ನಿಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ. ಹೊರ ಅಂಚಿನ ಮೂಲೆಯಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ನಾಲ್ಕು ಮೂಲೆಗೂ ಮಡಚಿದ ಸಣ್ಣ ತ್ರಿಕೋನ 'ಫೂಲ್' ಇಟ್ಟು ಹೊಲೀತಾರೆ. ಅಳತೆಪಟ್ಟಿ ಇಲ್ಲ, ಒಂದು ತುಂಡು ದೊಡ್ಡದಾದರೆ ಪಕ್ಕದ್ದು ಚಿಕ್ಕದಾಗುತ್ತೆ ಅಷ್ಟೇ. ಆ ಕೈಗೆ ಮ್ಯಾಟ್ ಮಾರಲು ಹೋದರೆ ನಗ್ತಾರೆ. ನಾನು ಇಸ್ತ್ರಿ ಒತ್ತಿ ಒತ್ತಿ ಹೊಲಿದ ಕ್ವಿಲ್ಟುಗಳು ಐದಾರಿವೆ, ಚಳಿಗಾಲದಲ್ಲಿ ಮನೆಯಲ್ಲಿ ಜಗಳ ಆಗೋದು ಅಮ್ಮ ಹೊಲಿದ ಕೌದಿಗೆ.

ಪ್ರಶ್ನೆ: ಅಮ್ಮನ ಹಳೇ ಸೀರೆಗಳಿಂದ ಕ್ವಿಲ್ಟ್ ಮಾಡ್ತಿದ್ದೇನೆ: ಒಂದು ಮೈಸೂರು ಸಿಲ್ಕ್, ಒಂದು ಇಳಕಲ್, ಇನ್ನೊಂದೆರಡು ಹಬ್ಬದ ಸೀರೆ. ಇಲ್ಲಿಯ ಗೆಳತಿಯರು ಹತ್ತಿಗೆ ಉಣ್ಣೆ ಮ್ಯಾಟ್ ಬಳಸ್ತಾರೆ. ರೇಷ್ಮೆಗೂ ಆಗುತ್ತಾ? ಕೈ ನಡುಗ್ತಾ ಇದೆ.
— ನ್ಯೂಜೆರ್ಸಿ

ಉತ್ತರ: ನಡುಗಲಿ, ಒಳ್ಳೇದೇ. ಮ್ಯಾಟ್ ಅಡಿಯಿಂದಲೂ ಶಾಖ ಕೊಡೋದರಿಂದ ಮೇಜಿನ ಮೇಲೆ ತಡೆದುಕೊಂಡ ರೇಷ್ಮೆ ಇದರ ಮೇಲೆ ತಡೆಯದೆ ಇರಬಹುದು. ಪೆಟ್ಟಿಗೆಯ ಗುರುತಿನಲ್ಲಿ ಮೂರು ಚುಕ್ಕೆ ಅಂದರೆ ಸುಮಾರು 200 ಡಿಗ್ರಿವರೆಗೆ, ಹತ್ತಿಗೆ. ಎರಡು ಚುಕ್ಕೆ 150, ರೇಷ್ಮೆಗೆ ಇದು ಮೇಲ್ಮಿತಿ. ಒಂದು ಚುಕ್ಕೆ 110. ನೀವು ಒಂದೂವರೆಯಿಂದ ಶುರುಮಾಡಿ, ಯಾವಾಗಲೂ ಬಟ್ಟೆಯ ಹಿಂಬದಿಯಿಂದ, ನಡುವೆ ತೆಳು ಮಲ್ ಬಟ್ಟೆ ಇಟ್ಟು. ಹತ್ತಿ ಒತ್ತಿದ ತಕ್ಷಣ ಅದೇ ಬಿಸಿ ಮ್ಯಾಟ್ ಮೇಲೆ ರೇಷ್ಮೆ ಹಾಕಬೇಡಿ.

ಮೈಸೂರು ಸಿಲ್ಕ್ ಕ್ರೇಪ್. ನೂಲಿಗೆ ವಿಪರೀತ ತಿರುವು ಕೊಟ್ಟು ನೇಯ್ದಿರುತ್ತಾರೆ, ಅದಕ್ಕೇ ಮೈಮೇಲೆ ಹಾಗೆ ಇಳಿಬೀಳೋದು. ಹಬೆ ತಾಗಿದರೆ ಆ ತಿರುವು ಎಚ್ಚರಗೊಂಡು ಬಟ್ಟೆ ಕುಗ್ಗುತ್ತೆ. ಹಬೆಯ ಗುಂಡಿಯನ್ನು ಪೂರ್ತಿ ಆರಿಸಿ, ಪೆಟ್ಟಿಗೆಯ ನೀರನ್ನೂ ಚೆಲ್ಲಿಬಿಡಿ, ಒಂದು ಹನಿ ತೊಟ್ಟಿಕ್ಕಿದರೂ ಕಲೆ. ಕತ್ತರಿಸುವ ಮುಂಚೆ ಹಿಂದುಗಡೆ ತೆಳು ಫ್ಯೂಸಿಂಗ್ (ಬಿಸಿಗೆ ಅಂಟಿಕೊಳ್ಳುವ ಅಸ್ತರಿ) ಅಂಟಿಸಿಕೊಂಡರೆ ಜಾರುವ ಬಟ್ಟೆ ಹತ್ತಿಯ ಹಾಗೆ ಮಾತು ಕೇಳುತ್ತೆ. ಫ್ಯೂಸಿಂಗ್ ಅಂಟಿಸುವಾಗ ಮ್ಯಾಟ್ ಮೇಲೆ ಕೇಕ್ ಬೇಯಿಸುವ ಬೇಕಿಂಗ್ ಪೇಪರ್ ಹಾಸಿ. ಅಂಟು ಒಮ್ಮೆ ಉಣ್ಣೆಗೆ ಇಳಿದರೆ ಮುಂದಿನ ಬಟ್ಟೆಗಳಿಗೆಲ್ಲ ಹಂಚುತ್ತಾ ಹೋಗುತ್ತೆ.

ಹಬ್ಬದ ಸೀರೆಗಳ ಜರಿ ನೋಡಿಕೊಳ್ಳಿ. ಈಗಿನ ಅಗ್ಗದ ಜರಿ ಎಷ್ಟೋ ಸಲ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಲೋಹದ ಹೊಳಪು. ಬಿಸಿಗೆ ಮುರುಟಿ ಸುಕ್ಕಾಗುತ್ತೆ, ಮತ್ತೆ ನೆಟ್ಟಗಾಗಲ್ಲ. ಸೆರಗಿನ ಒಳ ಮೂಲೆಯಿಂದ ಎರಡೆಳೆ ಕಿತ್ತು ಮೊದಲೇ ಶಾಖ ತಾಗಿಸಿ ನೋಡಿ. ಇಳಕಲ್ಲಿನ ಮೈ ಹತ್ತಿಯಾಗಿದ್ದರೆ ಭಯವಿಲ್ಲ, ಟೋಪ ಸೆರಗಿನ ಕೆಂಪು ಮಾತ್ರ ಹಬೆಗೆ ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳೀ ಬಟ್ಟೆ ಒತ್ತಿ ನೋಡಿ. ಬಿಟ್ಟರೆ ಮ್ಯಾಟೂ ಕೆಂಪು, ಪಕ್ಕದ ತುಂಡೂ ಕೆಂಪು. ಮತ್ತೆ, ಸೀರೆಯ ಒಂದು ಗೇಣು ಹಾಗೇ ಎತ್ತಿಡಿ. ಎಲ್ಲವನ್ನೂ ಕತ್ತರಿಸಬೇಡಿ.

ಪ್ರಶ್ನೆ: ಮ್ಯಾಟಿನ ನಡುವೆ ಹಳದಿ–ಕಂದು ಕಲೆ ಬಿದ್ದಿದೆ. ಒಗೆಯಬಹುದಾ? ಮಳೆಗಾಲದಲ್ಲಿ ನಮ್ಮಲ್ಲಿ ಏನೂ ಒಣಗಲ್ಲ, ಹೇಗೆ ಕಾಪಾಡಲಿ?
— ಮಡಿಕೇರಿ

ಉತ್ತರ: ಕಲೆ ಶಾಖದ್ದು, ಇಸ್ತ್ರಿ ಮಾಡಿದ ಮ್ಯಾಟಿಗೆ ಅದು ಬರುವುದೇ. ತಿರುವಿ ಹಾಕಿಕೊಂಡು ಇನ್ನೊಂದು ಮಗ್ಗುಲು ಬಳಸಿ. ಒಗೆದರೆ ಸ್ವೆಟರಿನ ಕಥೆಯೇ, ಸೊಟ್ಟಾಗಿ ಕುಗ್ಗಿ ಬರುತ್ತೆ. ದಾರದ ಚೂರು, ಧೂಳು ಇದ್ದರೆ ಬಟ್ಟೆ ಬ್ರಷ್ಷಿನಲ್ಲಿ ಕೊಡವಿ. ಕಂದು ಬಣ್ಣ ಬೇಗ ಬೇಗ ಬರುತ್ತಿದೆ ಅಂದರೆ ಪೆಟ್ಟಿಗೆಯನ್ನು ಅದರ ಮೇಲೆ ಮಲಗಿಸಿಟ್ಟು ಫೋನ್ ಎತ್ತಲು ಹೋಗ್ತಿದ್ದೀರಿ ಅಂತ ಅರ್ಥ.

ಮಡಿಕೇರಿಯ ಜೂನ್–ಜುಲೈಗೆ ನನ್ನ ಸಲಹೆ, ಹಬೆಯನ್ನೇ ಬಿಟ್ಟುಬಿಡಿ. ಆ ಎರಡು ತಿಂಗಳು ಒಣ ಇಸ್ತ್ರಿ ಮಾತ್ರ. ಕೊನೆಯಲ್ಲಿ ಹೊಲಿಗೆಯ ಬಟ್ಟೆ ತೆಗೆದು ಮ್ಯಾಟ್ ಮೇಲೆ ಪಂಚೆ ಹಾಸಿ ಎರಡೂ ಮಗ್ಗುಲು ಒಣ ಪೆಟ್ಟಿಗೆ ಒತ್ತಿ ತೇವ ಹಾರಿಸಿ. ಒಲೆ ಇರುವ ಕೋಣೆಯಲ್ಲಿ, ಬೆಂಕಿಯಿಂದ ದೂರ, ಗೋಡೆಗೆ ಒರಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ, ಒಳಗೇ ಬೂಷ್ಟು ಹಿಡಿಯುತ್ತೆ. ದಿಂಬಿನ ಹತ್ತಿ ಗವಸಿನಲ್ಲಿ ಹಾಕಿ. ಉಣ್ಣೆ ತಿನ್ನುವ ನುಸಿ ಬಳಸುತ್ತಿರುವ ಮ್ಯಾಟಿಗೆ ಬರೋದು ಅಪರೂಪ. ತಿಂಗಳುಗಟ್ಟಲೆ ಕತ್ತಲೆಯಲ್ಲಿ ಇಟ್ಟಿದ್ದಕ್ಕೆ ಬರುತ್ತೆ. ತಿನ್ನೋದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಮಡಿಕೆಯಲ್ಲಿ ಬಿಳಿ ಜೇಡನ ಬಲೆಯಂಥದ್ದು, ಮರಳಿನಂಥ ಹಿಕ್ಕೆ ಕಂಡರೆ ಆ ದಿನವೇ ಬಿಸಿಲು ಹುಡುಕಿ. ಬಿಸಿಲು ಇಲ್ಲದಿದ್ದರೆ ಮ್ಯಾಟನ್ನು ಬಿಗಿಯಾಗಿ ಕವರ್ ಮಾಡಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ನಮ್ಮ ಮನೆಯಲ್ಲಿ ಅದನ್ನು ಯಾರೋ ಪನೀರ್ ಅಂತ ಹೊರಗೆ ತೆಗೆದಿಟ್ಟಿದ್ದರು.